ಎರಡಕ್ಷರದ ಹೆಸರು

ಮಗಳಿಗೆ ಚಿಕ್ಕ ಹೆಸರು ಹುಡುಕ್ತಿರೋರು ಅರ್ಥ ನೋಡೋ ಮೊದಲು ವಿಭಕ್ತಿ ಹಚ್ಚಿ ನೋಡಿ. ಉಮಾಳಿಗೆ ಹಾಲು, ಗೌರಿಯ ಲಂಗ: ನಾಲಿಗೆ ಎಲ್ಲೂ ಎಡವಲ್ಲ. ಇಳಾ ಅಂದ್ರೆ ಭೂಮಿ, ಚೆಂದದ ಹೆಸರೇ. ಆದ್ರೆ 'ಇಳಾಳಿಗೆ' ಅಂತ ನಾಲ್ಕು ಸಲ ಬೇಗ ಬೇಗ ಹೇಳಿ ನೋಡಿ! ಇಂಗ್ಲಿಷ್‌ಗೆ ಹೋದ್ರೆ ಳ ಉಳಿಯಲ್ಲ, ಲ ಆಗುತ್ತೆ. ಮೇಲಾಗಿ ದೊಡ್ಡ ಐ, ಸಣ್ಣ ಎಲ್ ಎಷ್ಟೋ ಅಚ್ಚಿನಲ್ಲಿ ಒಂದೇ ಥರದ ಎರಡು ಕಡ್ಡಿ. ಓದೋರಿಗೆ ಯಾವುದು ಯಾವುದೋ.

ನಮ್ಮ ದಾವಣಗೆರೆ ಕಡೆ ಹೆಸರು ಇಟ್ಟಂಗೇ ಉಳಿಯೋದೂ ಇಲ್ಲ ಬಿಡಿ. ನೀಲಾ ನೀಲವ್ವ ಆಗ್ತಾಳೆ, ಗೌರಿ ಗೌರವ್ವ. ಅವ್ವ, ಅಕ್ಕ ಸೇರಿಸಿದ್ರೂ ಕೇಳೋಕೆ ಹಿತವಾಗಿದ್ರೆ ಆ ಹೆಸರು ಗಟ್ಟಿ ಅಂತ್ಲೇ ಲೆಕ್ಕ. ನೀಲಾಗೆ ಬಸವಣ್ಣನವರ ಮಡದಿ ನೀಲಾಂಬಿಕೆಯ ನೆನಪೂ ಅಂಟಿಕೊಂಡಿದೆ.

ಹೆಸರು ಗೊತ್ತಾಗಿಲ್ಲ ಅಂತ ಜನನ ನೋಂದಣಿ ತಡ ಮಾಡಬೇಡಿ. 21 ದಿನದೊಳಗೆ ಹೆಸರಿಲ್ಲದೆಯೇ ಮಾಡಿಸಬಹುದು. 12 ತಿಂಗಳೊಳಗೆ ಹೆಸರು ಸೇರಿಸಿದ್ರೆ ಶುಲ್ಕವೂ ಇಲ್ಲ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನದ ದಾಖಲೆ ಆ ಪ್ರಮಾಣಪತ್ರವೇ. ಹಾಗಾಗಿ ಇಂಗ್ಲಿಷ್ ಸ್ಪೆಲ್ಲಿಂಗ್ ಮನೇಲೇ ಚೀಟಿ ಮೇಲೆ ಬರೆದುಕೊಂಡು ಹೋಗಿ. ಉಮಾಕ್ಕೆ ಕೊನೇಲಿ ಒಂದು 'ಎ'ನೋ ಎರಡೋ? ಬಾಯಲ್ಲಿ ಹೇಳಿದ್ರೆ ಬರೆಯೋರು ಅವರಿಗೆ ತೋಚಿದಂಗೆ ಬರೀತಾರೆ, ಆಧಾರ್‌ನಲ್ಲಿ ಇನ್ನೊಂದು ಥರ ಬರುತ್ತೆ. ಇನಿಶಿಯಲ್ ಹಿಂದೋ ಮುಂದೋ ಅನ್ನೋದೂ ಅದೇ ಚೀಟೀಲಿರಲಿ.