ಗೋಡೆ ತುಂಬಾ ಮೂಳೆ

ಅಮೆರಿಕದ ಯೂಟಾ ರಾಜ್ಯದ ವರ್ನಲ್‌ನಲ್ಲಿ ಗುಲಾಬಿ ಬಣ್ಣದ ಡೈನೊಸಾರೊಂದು ಸ್ವಾಗತ ಫಲಕ ಹಿಡಿದು ನಿಂತಿದೆ. ಕಣ್ಣಿಗೆ ಉದ್ದುದ್ದ ರೆಪ್ಪೆ ಬೇರೆ! ಸಾಲ್ಟ್ ಲೇಕ್ ಸಿಟಿಯಿಂದ ಮೂರು ಗಂಟೆ ಕಾರಿನಲ್ಲಿ ಕೂತು ಸುಸ್ತಾಗಿದ್ದ ನಾವೆಲ್ಲ ನಕ್ಕುಬಿಟ್ಟೆವು. ಡೈನೊಸಾರ್ ಮೂಳೆಗಳಿಗೆ ಹೆಸರಾದ ಸಂರಕ್ಷಿತ ತಾಣ, ಡೈನೊಸಾರ್ ನ್ಯಾಷನಲ್ ಮಾನ್ಯುಮೆಂಟ್, ಅಲ್ಲಿಂದ ಹತ್ತಿರ.

ಬೇಸಿಗೆಯಾದ್ದರಿಂದ ಕಾರು ಕೆಳಗೇ ಬಿಟ್ಟು ಶಟಲ್ ಬಸ್ ಹತ್ತಿದೆವು. ಮೇಲೊಂದು ಗಾಜಿನ ಕಟ್ಟಡ. ಒಳಗೆ ಕಾಲಿಟ್ಟರೆ ಎದುರಿಗೇ ಓರೆಯಾಗಿ ಎದ್ದ ಬಂಡೆ, ಅದರ ಮೈಮೇಲೆ ಸುಮಾರು 1,500 ಮೂಳೆ. ತೊಡೆಮೂಳೆ, ಬೆನ್ನುಮೂಳೆ, ಕ್ಯಾಮರಾಸಾರಸ್‌ನ ತಲೆಬುರುಡೆ, ಎಲ್ಲ ಕಲಸಿಕೊಂಡು ಬಿದ್ದಿವೆ. ಕೆಲವನ್ನು ಮುಟ್ಟಲೂಬಹುದು. ತಂತಿ ಕಟ್ಟಿ ನಿಲ್ಲಿಸಿದ ಮ್ಯೂಸಿಯಂ ಅಸ್ಥಿಪಂಜರಕ್ಕಿಂತ ಈ ರಾಶಿಯೇ ನನಗೆ ಜಾಸ್ತಿ ಇಷ್ಟವಾಯಿತು. ಆ ಪ್ರಾಣಿಗಳು ಹೇಗೆ ಸತ್ತವು ಅನ್ನೋದು ಇದರಲ್ಲಿದೆ.

ಇದು ಜುರಾಸಿಕ್‌ನ ಕೊನೆಯ ಭಾಗ, ಸುಮಾರು 15 ಕೋಟಿ ವರ್ಷದ ಹಿಂದಿನ ಮಾತು. ಆಗ ಇಲ್ಲಿ ಹೊಳೆಯಿತ್ತು, ಜರೀಗಿಡ, ಶಂಕುಮರಗಳಿದ್ದವು. ಹುಲ್ಲು ಮಾತ್ರ ಇರಲಿಲ್ಲ. ಅಪಟೋಸಾರಸ್‌ನಂಥ ಸಸ್ಯಾಹಾರಿ ದೈತ್ಯರು ಹುಲ್ಲನ್ನೇ ಕಾಣದೆ ಬದುಕಿದರು, ವಿಚಿತ್ರ ಅಲ್ವಾ? ಭೀಕರ ಬರ ಬಂದು ಹೊಳೆ ಬತ್ತಿದಾಗ ಪ್ರಾಣಿಗಳು ಅದರ ಸುತ್ತಲೇ ಸತ್ತವು. ಆಮೇಲೆ ಬಂದ ಪ್ರವಾಹ, ಮಳೆಗಾಲದಲ್ಲಿ ಹಳ್ಳದ ತಿರುವಿಗೆ ಕಸಕಡ್ಡಿ ಬಂದು ಸೇರುವ ಹಾಗೆ, ಮೂಳೆಗಳನ್ನೆಲ್ಲ ಒಂದು ಕಡೆ ತಂದು ಹಾಕಿತು. ಮರಳು ಮುಚ್ಚಿತು, ಕಲ್ಲಾಯಿತು. ನೆಲ ಮಡಚಿ ಮೇಲೆದ್ದಾಗ ಹೊಳೆಯ ತಳವೇ ಗೋಡೆಯಾಯಿತು.

"ಟಿ. ರೆಕ್ಸ್ ಎಲ್ಲಿ?" ಅಂತ ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗ ಹಟ ಹಿಡಿದಿದ್ದ. ಸಿನಿಮಾಗಳಲ್ಲಿ ಕಾಣುವ ಆ ದೈತ್ಯ ಮಾಂಸಾಹಾರಿ ಡೈನೊಸಾರ್ ಇಲ್ಲಿ ಸಿಗೋದಿಲ್ಲ, ಹುಟ್ಟಿದ್ದೇ ಸುಮಾರು 8 ಕೋಟಿ ವರ್ಷ ಆದಮೇಲೆ. ಇಲ್ಲಿ ಬೇಟೆಗಾರ ಅಂದರೆ ಅಲೋಸಾರಸ್.

ಈ ಜಾಗ ಕಂಡುಹಿಡಿದವರು ಪಳೆಯುಳಿಕೆ ತಜ್ಞ ಅರ್ಲ್ ಡಗ್ಲಸ್. 1909ರ ಆಗಸ್ಟ್‌ನಲ್ಲಿ ಅಪಟೋಸಾರಸ್‌ನ ಬಾಲದ ಎಂಟು ಮೂಳೆಗಳು ಸಾಲಾಗಿ ಕಂಡವು. ಅಲ್ಲಿಂದ ಶುರುವಾದ ಅಗೆತದಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗೀ ಮ್ಯೂಸಿಯಂಗೆ ಟನ್ನುಗಟ್ಟಲೆ ಮೂಳೆ ಹೋಯಿತು. ಉಳಿದದ್ದನ್ನು ಬಂಡೆಯಲ್ಲೇ ಬಿಟ್ಟು ಜನರಿಗೆ ತೋರಿಸಿ ಅಂದವರೂ ಅವರೇ. ಕಟ್ಟಡ ತೆರೆದದ್ದು 1958ರಲ್ಲಿ. ಅವರು 1931ರಲ್ಲೇ ತೀರಿಕೊಂಡಿದ್ದರು.

ಕರ್ನಾಟಕದಲ್ಲಿ ಇಂಥದ್ದು ಯಾಕಿಲ್ಲ ಅಂತ ಕೇಳಬಹುದು. ನಮ್ಮ ಬಂಡೆಗಳು ಬಹುಪಾಲು ತೀರಾ ಹಳೆಯವು. ಲಾಲ್‌ಬಾಗ್ ಬಂಡೆಗೇ ಸುಮಾರು 300 ಕೋಟಿ ವರ್ಷ, ಆಗ ಪ್ರಾಣಿಗಳೇ ಇರಲಿಲ್ಲ.

ವಾಪಸ್ ಶಟಲ್ ಬೇಡ, ನಡೆದೇ ಇಳಿಯಿರಿ. ದಾರಿಯ ಪದರಗಳಲ್ಲಿ ಮೀನಿನ ಹುರುಪೆ, ಸಮುದ್ರದ ಚಿಪ್ಪುಗಳ ಪಳೆಯುಳಿಕೆ ಕಾಣುತ್ತವೆ. ಡೈನೊಸಾರ್ ಹೊಳೆಗೆ ಮೊದಲೂ ಆಮೇಲೂ ಇಲ್ಲಿ ಸಮುದ್ರವಿತ್ತು. ನೆರಳು ಕಡಿಮೆ. ನೀರಿನ ಬಾಟಲಿ ಮರೆಯಬೇಡಿ.