ಒಂದು ಚೊಂಬು ನೀರು

ಮಂಗಳವಾರ ರಾತ್ರಿ ಸುರಿದ ಮಳೆಯ ನೀರು ನಮ್ಮ ಅಂಗಳದಿಂದ ಗೇಟಿನ ಕಡೆಗೆ ಹರಿದುಹೋಗದೆ, ಮನೆಯ ಕಡೆಗೇ ತಿರುಗಿ ಅಮ್ಮನ ಕೋಣೆಯ ಹೊಸ್ತಿಲ ಬಳಿ ನಿಂತಿತು. ಬೆಳಗ್ಗೆ ಎದ್ದಾಗ ಅಮ್ಮ ಯಾರನ್ನೂ ಎಬ್ಬಿಸದೆ ಬಾಗಿಲ ಸಂದಿಗೆ ಗೋಣಿಚೀಲ ಒತ್ತಿಟ್ಟು, ಒರೆಸುವ ಬಟ್ಟೆಯನ್ನು ಮತ್ತೆ ಮತ್ತೆ ಹಿಂಡುತ್ತಿದ್ದರು. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿಸಿ ಆಗ ಇನ್ನೂ ಏಳು ತಿಂಗಳೂ ತುಂಬಿರಲಿಲ್ಲ.

ಹಿಂದಿನ ಬೀದಿಯಲ್ಲಿರುವ, ಈಗ ಕೆಲಸ ಬಿಟ್ಟಿರುವ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆತಂದೆ. ಅವರು ಮಟ್ಟಗೋಲನ್ನೂ ತಂದಿರಲಿಲ್ಲ, ದಾರವನ್ನೂ ತಂದಿರಲಿಲ್ಲ. "ತಾಯೀ, ಒಂದು ಚೊಂಬು ನೀರು ಕೊಡಿ" ಎಂದು ಅಮ್ಮನನ್ನು ಕೇಳಿ, ಹೊಸ್ತಿಲಿನಿಂದ ಎರಡಡಿ ಆಚೆ ಅದನ್ನು ನಿಧಾನವಾಗಿ ಸುರಿದು, ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತರು. ನೀರು ಕ್ಷಣಕಾಲ ಹರಡಿಕೊಂಡಿದ್ದು, ಆಮೇಲೆ ಗೋಡೆಯ ಕಡೆಗೆ ಹೊರಟು, ಎರಡು ಕಲ್ಲುಗಳ ನಡುವಿನ ಬಿರುಕಿನಲ್ಲಿ ಇಳಿದುಹೋಯಿತು. "ಕಲ್ಲು ಹಾಸಿ ದುಡ್ಡು ಕೊಡೋ ಮೊದಲು ಇಷ್ಟು ಯಾರಾದ್ರೂ ಮಾಡಿ ನೋಡಿದ್ರಾ ಸ್ವಾಮಿ?" ಎಂದು ಕೇಳಿದರು. ಆ ಪ್ರಶ್ನೆ ವಾರವಿಡೀ ನನ್ನ ಕಿವಿಯಲ್ಲೇ ಇದೆ.

ನಾವು ಮಾಡಿದ್ದು ಬೇರೆ. ಕಲ್ಲು ಹಾಸಿದ ಯುವಕ ರಸಮಟ್ಟವನ್ನು ಕಲ್ಲಿನ ಮೇಲಿಟ್ಟು, ಗುಳ್ಳೆ ಸರಿಯಾಗಿ ನಡುವೆ ನಿಂತಿರುವುದನ್ನು ತೋರಿಸಿದ್ದ. ನಾನು ತೃಪ್ತಿಯಿಂದ ತಲೆಯಾಡಿಸಿದ್ದೆ. ಒಳಮನೆಗೆ ಒಪ್ಪುವ ಆ ಸಮಮಟ್ಟವೇ ಅಂಗಳದಲ್ಲಿ ತಪ್ಪು. ಬಯಲಿನ ಕಲ್ಲುಹಾಸಿಗೆ ವಾಟ, ಅಂದರೆ ನೀರು ಹರಿದುಹೋಗುವಷ್ಟು ಇಳಿಜಾರು, ಬೇಕು. ಅಡಿಗೆ ಕಾಲು ಇಂಚಿನ ಲೆಕ್ಕದಲ್ಲಿ ನಮ್ಮ 14 ಅಡಿ ಅಂಗಳ ಗೇಟಿನ ಹತ್ತಿರ ಮೂರೂವರೆ ಇಂಚು ತಗ್ಗಿರಬೇಕಿತ್ತು. ಸಾಲದ್ದಕ್ಕೆ, ಗೋಡೆಯ ಪಕ್ಕದ ಮಣ್ಣು ಪಾಯ ತೋಡಿದ ಮೇಲೆ ತುಂಬಿದ್ದು, ಅದರಲ್ಲೇ ಚರಂಡಿಯ ಪೈಪೂ ಹಾದುಹೋಗಿದೆ. ಒಂದು ಮಳೆಗಾಲವನ್ನೂ ಕಾಣದ ಆ ಮಣ್ಣು ಮೊದಲ ದೊಡ್ಡ ಮಳೆಗೇ ಕುಸಿದು, ಸಮವಾಗಿದ್ದ ಹಾಸು ಮನೆಯ ಕಡೆಗೆ ವಾಲಿಕೊಂಡಿತು.

ಮೇಸ್ತ್ರಿಗಳು ಹಾರೆಯ ತುದಿಯಿಂದ ತಟ್ಟುತ್ತ ಹೋದಂತೆ ಕಲ್ಲುಗಳು ಟೊಳ್ಳು ದನಿ ಕೊಟ್ಟವು. ಒಂದನ್ನು ಎಬ್ಬಿಸಿದಾಗ ಅಡಿಯಲ್ಲಿ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಗಾರೆಯ ಉಂಡೆಗಳು ಮಾತ್ರ ಇದ್ದವು. ಉಳಿದದ್ದು ಬರಿಯ ಪೊಳ್ಳು. ಗಾರೆ ಕಲ್ಲಿನ ಅಡಿಗೆ ಪೂರ್ತಿ ಹರಡದಿದ್ದರೆ ಆ ಪೊಳ್ಳಿನಲ್ಲಿ ನೀರು ಸೇರುತ್ತದೆ, ಭಾರ ಬಿದ್ದ ಕಡೆ ಕಲ್ಲು ಸೀಳುತ್ತದೆ.

ಆ ಯುವಕನನ್ನು ಬೈಯಲು ನನಗೆ ಮನಸ್ಸಿಲ್ಲ. ಮಣ್ಣಿಗೆ ನೀರು ಕುಡಿಸಿ, ಅರ್ಧ ಅಡಿಗೊಂದು ಪದರದಂತೆ ದಿಮ್ಮಸು ಹಾಕಿ ಕುಟ್ಟಲು ಇನ್ನೆರಡು ದಿನದ ಕೂಲಿ ಬೇಕು ಎಂದು ಅವನು ಕೇಳಿದ್ದ, "ಅದು ಬೇಕೇ ಬೇಕಾ?" ಎಂದದ್ದು ನಾನು. ನಾವು ಚದರಡಿಯ ಲೆಕ್ಕದಲ್ಲಿ ಹಣ ಕೊಡುತ್ತೇವೆ, ಆ ಚದರಡಿಯನ್ನು ಮೇಲಿನಿಂದ ಅಳೆಯುತ್ತೇವೆ. ಅಡಿಯಲ್ಲಿ ಕುಟ್ಟಿದ ಮಣ್ಣಿಗೂ, ಹಾಕಬೇಕಾದ ನಾಲ್ಕು ಇಂಚಿನ ಜಲ್ಲಿಗೂ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಹೀಗಿರುವಾಗ ಬೇಗ ಮುಗಿಸುವವನಿಗೇ ಹೆಚ್ಚು ಉಳಿಯುವಂತೆ ಮಾಡಿದವರು ನಾವೇ ಅಲ್ಲವೇ? ಅವನು ನಿಜವಾಗಿ ತಪ್ಪಿದ್ದು ಸಿಮೆಂಟಿನ ಕಲೆ ತೆಗೆಯಲು ಆಸಿಡ್ ಸುರಿದದ್ದರಲ್ಲಿ. ಶಹಾಬಾದ್ ಸುಣ್ಣದ ಕಲ್ಲು. ಆಸಿಡ್ ಬಿದ್ದೊಡನೆ ನೊರೆಯೆದ್ದು ಮೇಲ್ಮೈಯೇ ತಿಂದುಹೋಗುತ್ತದೆ. ಆ ನೀಲಿಬೂದು ಬಣ್ಣ ಹೋದ ಜಾಗಗಳು ಈಗಲೂ ಬೆಳ್ಳಗೆ ಕಾಣುತ್ತವೆ.

ಎಲ್ಲವನ್ನೂ ಕಿತ್ತು ಒಂದಕ್ಕೊಂದು ಹೊಂದಿಕೊಳ್ಳುವ ಇಂಟರ್‌ಲಾಕ್ ಬಿಲ್ಲೆ ಹಾಕಿಸು ಎಂದು ಭಾವ ಫೋನಿನಲ್ಲಿ ಹೇಳಿದರು. ಅವರು ಎಲ್ಲದಕ್ಕೂ ಹೊಸ ಸಾಮಾನಿನಲ್ಲೇ ಪರಿಹಾರ ಹುಡುಕುವವರು. 60 ಮಿಲಿಮೀಟರ್ ದಪ್ಪದ ಆ ಬಿಲ್ಲೆಗಳಿಗೂ ಬೇಕಾದದ್ದು ಇದೇ ಗಟ್ಟಿ ನೆಲ, ಇದೇ ವಾಟ. ಅದರ ಮೇಲೆ ಒಂದೂವರೆ ಇಂಚಿನಷ್ಟು ಮರಳು, ಬಿಲ್ಲೆಗಳು ಸರಿಯದಂತೆ ಸುತ್ತಲೂ ಅಂಚುಕಟ್ಟು, ಸಂದಿಗಳಿಗೆ ಒಣ ನುಣ್ಣನೆ ಮರಳು. ತಗ್ಗನ್ನು ಮರಳಿನಿಂದಲೇ ಮುಚ್ಚಿದರೆ ವರ್ಷದೊಳಗೆ ಅಲ್ಲಿಯೇ ಗುಂಡಿ ಬೀಳುತ್ತದೆ.

ಸರಿಯಾಗಿ ಮತ್ತೆ ಹಾಸಲೆಂದು ಕಲ್ಲುಗಳನ್ನೆಲ್ಲ ಎಬ್ಬಿಸಿದ ದಿನ ತೆಂಗಿನ ಮರದ ಬುಡವನ್ನು ನೋಡಿ ನನಗೆ ಸಂಕಟವಾಯಿತು. ಕಾಂಡಕ್ಕೆ ತಾಗುವವರೆಗೂ ಗಾರೆ ಮೆತ್ತಿದ್ದೆವು. ಅಪ್ಪ ಇದ್ದಾಗ ಈ ಅಂಗಳದಲ್ಲಿ ಬಿದ್ದ ಮಳೆ ಬಹುಪಾಲು ಇಲ್ಲಿಯೇ ಇಂಗುತ್ತಿತ್ತು. ಈಗ ಬೀದಿಯ ಪ್ರತಿ ಮನೆಯೂ ತನ್ನ ನೀರನ್ನು ರಸ್ತೆಗೆ ತಳ್ಳುತ್ತದೆ, ಕೆಳಗಿನ ತಿರುವಿನ ಮನೆಯವರು ಅದನ್ನು ಅನುಭವಿಸುತ್ತಾರೆ. ಮರದ ಸುತ್ತ ಮೂರಡಿ ಮಣ್ಣನ್ನು ಹಾಗೆಯೇ ಬಿಡಲು, ವಾಟವನ್ನು ಅತ್ತ ಕೊಡಲು ಮೇಸ್ತ್ರಿಗಳನ್ನು ಕೇಳಿಕೊಂಡೆ. ಅವರು ದಾರ ಬಿಚ್ಚಿ ಮತ್ತೆ ಕಟ್ಟಿದರು.

ಗೋಡೆಯ ಪಕ್ಕದ ನಾಲ್ಕು ಸಾಲು ಈ ಭಾನುವಾರಕ್ಕೆ ಮುಗಿದಿವೆ. ಸಂಜೆ ಅವರು ಮತ್ತೆ ಚೊಂಬು ಕೇಳಿ ಸುರಿದರು. ನೀರು ಮೂರು ಸಾಲು ದಾಟಿ ಮುಂದೆ ಹೋಗಿ, ನಾಲ್ಕನೆಯದರ ಒಂದು ಮೂಲೆಯಲ್ಲಿ ಅಂಗೈಯಗಲ ನಿಂತಿತು. ಮಾತಾಡದೆ ಕುಳಿತು, ಆ ಕಲ್ಲನ್ನು ಎತ್ತಿ, ಗಾರೆ ಕೆರೆದು ಮತ್ತೆ ಕೂರಿಸಿದರು. ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದ ಅಮ್ಮ, ಇನ್ನೊಂದು ಚೊಂಬು ತರಲೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಎದ್ದುಹೋದರು.