ಎರಕದ ಹೊಗೆಯನ್ನು ತೂಗಿದರೆ ಸಾಲದು
ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಎರಕ ಹೊಯ್ಯುವುದನ್ನು ನೋಡಿ ಬಂದಂದಿನಿಂದ ಅಲ್ಲಿನ ಗಾಳಿಯ ವಿಚಾರವೇ ನನ್ನನ್ನು ಕಾಡುತ್ತಿದೆ. ಎರಕದ ಮೈಗೆ ಮರಳು ಅಂಟದಿರಲೆಂದು ಅಚ್ಚಿನ ಹಸಿಮರಳಿಗೆ ಬೆಂಟೊನೈಟ್ ಜೇಡಿಯೊಂದಿಗೆ ಕಲ್ಲಿದ್ದಲಿನ ಪುಡಿಯನ್ನೂ ಬೆರೆಸುವುದುಂಟು. ಸುಮಾರು 1,400 ಡಿಗ್ರಿ ಸೆಲ್ಸಿಯಸ್‌ನ ಕಬ್ಬಿಣದ ರಸ ಒಳಗಿಳಿದಾಗ ಆ ಪುಡಿ ಸಾಕಷ್ಟು ಆಮ್ಲಜನಕ ಸಿಗದೆ ಬೇಯುತ್ತದೆ. ಆಗ ಹುಟ್ಟುವ ಬೆಂಜೊಪೈರೀನ್‌ನಂಥ ಸಂಯುಕ್ತಗಳು ಹೊಗೆಯ ಸೂಕ್ಷ್ಮ ಕಣಗಳಿಗೆ ಅಂಟಿಕೊಂಡು ಕೆಲಸಗಾರರ ಉಸಿರಿಗೆ ಸೇರುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕಬ್ಬಿಣ ಮತ್ತು ಉಕ್ಕಿನ ಎರಕದ ಕೆಲಸವನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವಂಥವುಗಳ ಒಂದನೇ ಗುಂಪಿನಲ್ಲಿಟ್ಟಿದೆ.

ಈ ಗಾಳಿಯ ದೂಳನ್ನು ಹಿಡಿದ ಫಿಲ್ಟರನ್ನು ತೂಗಿದರೆ ದೂಳಿನ ಪ್ರಮಾಣ ತಿಳಿಯುತ್ತದೆಯೇ ಹೊರತು, ಆ ದೂಳು ಡಿಎನ್‌ಎಯನ್ನು ಕೆಡಿಸಬಲ್ಲುದೇ ಎಂಬುದು ತಿಳಿಯದು. ಅದನ್ನು ತಿಳಿಯಲು ಅಮೆರಿಕದ ಜೀವರಸಾಯನ ವಿಜ್ಞಾನಿ ಬ್ರೂಸ್ ಏಮ್ಸ್ 1970ರ ದಶಕದಲ್ಲಿ ಬರ್ಕ್ಲಿಯಲ್ಲಿ ರೂಪಿಸಿದ ಪರೀಕ್ಷೆಯಿದೆ. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ತಾನೇ ತಯಾರಿಸಿಕೊಳ್ಳಲಾರದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ತಳಿಯನ್ನು, ಆ ಆಮ್ಲ ತೀರ ಕಡಿಮೆಯಿರುವ ತಟ್ಟೆಯಲ್ಲಿ, ಫಿಲ್ಟರಿನಿಂದ ದ್ರಾವಕಕ್ಕೆ ಇಳಿಸಿಕೊಂಡ ಸಾರದೊಡನೆ ಬೆಳೆಸುತ್ತಾರೆ. ಉತ್ಪರಿವರ್ತನೆಯಿಂದ, ಅಂದರೆ ಡಿಎನ್‌ಎಯಲ್ಲಾದ ಬದಲಾವಣೆಯಿಂದ, ಹಿಸ್ಟಿಡಿನ್ ತಯಾರಿಸುವ ಶಕ್ತಿಯನ್ನು ಮರಳಿ ಪಡೆದ ಕೋಶಗಳಷ್ಟೇ ಕಣ್ಣಿಗೆ ಕಾಣುವ ಚುಕ್ಕೆಗಳಾಗಿ ಬೆಳೆಯುತ್ತವೆ. ಸುಮ್ಮನೆ ಬಿಟ್ಟರೂ ಕೆಲವು ಚುಕ್ಕೆಗಳು ಏಳುವುದರಿಂದ, ಬಳಸದ ಫಿಲ್ಟರಿನ ಸಾರವನ್ನೂ ಪಕ್ಕದಲ್ಲಿಟ್ಟು ಎಣಿಸಬೇಕು. ಬೆಂಜೊಪೈರೀನ್ ಹಾನಿಕರವಾಗುವುದು ದೇಹದ ಕಿಣ್ವಗಳು ಅದನ್ನು ಮಾರ್ಪಡಿಸಿದ ಮೇಲೆ; ಆದ್ದರಿಂದ ಇಲಿಯ ಯಕೃತ್ತಿನ ಸಾರ ಬೆರೆಸಿ ಒಮ್ಮೆ, ಬೆರೆಸದೆ ಇನ್ನೊಮ್ಮೆ ಪರೀಕ್ಷಿಸುತ್ತಾರೆ.

ನಿಜವಾದ ತೊಡಕು ಗಾಳಿ ಹಿಡಿಯುವಲ್ಲಿದೆ. ಕೆಲಸಗಾರನ ಕಾಲರಿಗೆ ಸಿಕ್ಕಿಸಿದ ಫಿಲ್ಟರಿನ ಮೂಲಕ ಪಂಪು ನಿಮಿಷಕ್ಕೆ 2 ಲೀಟರಿನಂತೆ ಗಾಳಿ ಎಳೆದರೆ, 8 ಗಂಟೆಗಳ ಪಾಳಿ ಮುಗಿಯುವ ಹೊತ್ತಿಗೆ ಸಿಗುವುದು 960 ಲೀಟರ್, ಅಂದರೆ ಒಂದು ಘನ ಮೀಟರಿಗೂ ಕಡಿಮೆ. ಎರಡು ಮೂರು ತಳಿಗಳ ಮೇಲೆ, ಬೇರೆ ಬೇರೆ ಪ್ರಮಾಣಗಳಲ್ಲಿ ನೋಡಬೇಕೆಂದರೆ ಅದು ಸಾಲದೆ ಬರುವುದೇ ಹೆಚ್ಚು. ದೊಡ್ಡ ಪಂಪನ್ನು ಮೂಲೆಯಲ್ಲಿ ನಿಲ್ಲಿಸಿದರೆ ಗಾಳಿ ಧಾರಾಳವಾಗಿ ಸಿಗುತ್ತದೆ, ಆದರೆ ಅಚ್ಚು ಒಡೆದು ಬಿಸಿ ಮರಳು ಉದುರಿಸುವವನು ಉಸಿರಾಡುವ ಗಾಳಿ ಅದಲ್ಲ. ಎರಡನ್ನೂ ಒಂದೇ ಪಾಳಿಯಲ್ಲಿ ಓಡಿಸಿ, ಕಾಲರಿನ ಫಿಲ್ಟರಿನಲ್ಲಿ ಬೆಂಜೊಪೈರೀನ್ ಅಳೆದು, ದೊಡ್ಡ ಫಿಲ್ಟರಿನ ಸಾರವನ್ನು ಬ್ಯಾಕ್ಟೀರಿಯಾ ಪರೀಕ್ಷೆಗೆ ಕೊಡುವುದೇ ಸರಿಯೆಂದು ನನ್ನ ಅಭಿಪ್ರಾಯ.

ಚುಕ್ಕೆಗಳು ಹೆಚ್ಚಲಿಲ್ಲವೆಂದು ಗಾಳಿ ನಿರಪಾಯವೆಂದು ಬರೆದುಕೊಡುವುದನ್ನು ಮಾತ್ರ ನಾನು ಒಪ್ಪಲಾರೆ. ಮರಳಿನ ಸಿಲಿಕಾ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ, ಆದರೆ ಈ ತಟ್ಟೆಯಲ್ಲಿ ಅದರ ಸುಳಿವು ಸಿಗುವುದಿಲ್ಲ. ಅದನ್ನು ಬೇರೆಯಾಗಿಯೇ ಅಳೆಯಬೇಕು, ಅದೂ ಅಚ್ಚು ಒಡೆಯುವವನ ಕಾಲರಿನಲ್ಲೇ.